ಬೆಟ್ಟದ ಮೇಲಿನ ಬೀಗರು

ಅರಸೀಕೆರೆ

ಇಟಲಿಗೆ ಹೋಗಿ ಬಂದೆ ಅಂದ ಕೂಡಲೇ ನಮ್ಮ ಬೀದಿಯವರೆಲ್ಲ ಕೇಳುವುದು ಒಂದೇ ಮಾತು: ರೋಮ್ ಹೇಗಿತ್ತು ಟೀಚರ್, ಪೋಪ್ ಸಿಕ್ಕಿದ್ರಾ? ರೋಮ್ ನಗರವನ್ನು ನಾನು ಕಂಡದ್ದು ಬಸ್ಸಿನ ಕಿಟಕಿಯಲ್ಲಿ, ಅದೂ ತೂಕಡಿಸುತ್ತಾ. ಪೋಪ್ ಸಿಗಲಿಲ್ಲ. ನಾವು ಹೋದದ್ದು ಸೈಟ್-ಸೀಯಿಂಗಿಗೆ ಅಲ್ಲ. ನನ್ನ ತಮ್ಮ ಇನ್ನಾಸಪ್ಪ ಹೋದದ್ದು ಮಗಳನ್ನು ಮನೆಗೆ ಕರೆತರುವುದಕ್ಕೆ. ನಾನು ಹೋದದ್ದು ಅವನ ಇಂಗ್ಲಿಷ್ ಆಗಿ.

ಇನ್ನಾಸಿಗೆ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ನಮ್ಮ ಮೂಲ ಮಾದಿಹಳ್ಳಿ ಕಡೆ, ಪೂಜೆಗೆ ಹಳೇಬೀಡಿನ ಚರ್ಚಿಗೆ ನಡೆದು ಹೋಗುತ್ತಿದ್ದ ಕುಟುಂಬ. ಅವನಿಗೆ ಒಬ್ಬಳೇ ಮಗಳು, ರೀಟಾ. ಹಾಸನದಲ್ಲಿ ನರ್ಸಿಂಗ್ ಓದಿದಳು, ಇಟಲಿಯಲ್ಲಿ ಕೆಲಸ ಸಿಕ್ಕಿತು, ಹೋದಳು. ಹೋದವಳು ಒಂದು ದಿನ ಫೋನ್ ಮಾಡಿ, ಕೆಲಸ ಬಿಟ್ಟೆ, ಇಲ್ಲಿಯ ಒಂದು ಕನ್ಯಾಮಠಕ್ಕೆ ಸೇರುತ್ತಿದ್ದೇನೆ ಅಂದಳು. ನಮ್ಮ ಊರಿನ ಸಿಸ್ಟರುಗಳ ಹಾಗೆ ಸ್ಕೂಲು, ಆಸ್ಪತ್ರೆ ಅಂತ ಓಡಾಡುವ ಕಾನ್ವೆಂಟ್ ಅಲ್ಲ ಅದು. ಒಳಗೆ ಹೋದವರು ಹೊರಗೆ ಬರುವುದಿಲ್ಲ. ಪ್ರಾರ್ಥನೆಯೇ ಕೆಲಸ. ಐದು ವರ್ಷ ನೋಡಿ, ಪರೀಕ್ಷಿಸಿ, ಈಗ ಕೊನೆಯ ವ್ರತದ ದಿನ ಗೊತ್ತುಮಾಡಿದ್ದರು. ಆ ಮಾತು ಕೊಟ್ಟಳೆಂದರೆ ಮುಗಿಯಿತು, ಮತ್ತೆ ಅರಸೀಕೆರೆ ಸ್ಟೇಷನ್ನಿನಲ್ಲಿ ಅವಳು ಇಳಿಯುವಂತಿಲ್ಲ.

ಇನ್ನಾಸಿ ಟಿಕೆಟ್ ತಂದು ನನ್ನ ಮುಂದಿಟ್ಟ. ಹೋಗುವಾಗ ಇಬ್ಬರು. ಬರುವಾಗ ಮೂವರು.

"ಅವಳ ಹೆಸರಿಗೂ ಮಾಡಿಸಿದ್ದೀಯಲ್ಲೋ, ಬರ್ತೀನಿ ಅಂದಳಾ? ಕೇಳಿದ್ಯಾ?"

"ಕೇಳಿಲ್ಲ. ನನ್ನೂ ಯಾರೂ ಕೇಳಿಲ್ವಲ್ಲ."

ಅವನ ಹೆಂಡತಿ ಸಲೇತಮ್ಮ ಮಂಡಿ ನೋವಿನವಳು, ಬರುವ ಹಾಗಿರಲಿಲ್ಲ. ಹೊರಡುವ ದಿನ ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದುಕೊಂಡಳು. ಪ್ರೀತಿಯಿಂದಲ್ಲ.

"ರಜ ಪೂರ್ತಿ ಮಗೀನ ಹತ್ರ ಇಟ್ಕಂಡು ನಿಮ್ಮ ಬೋರ್ಡಿಂಗಿನ ಸಿಸ್ಟರ್‌ಗಳ ಕತೆ ಹೇಳಿದ್ದು ನೀವೇ ಅಲ್ವಾ ಅತ್ತಿಗೆ? ನೀವೇ ಕರ್ಕಂಡು ಬನ್ನಿ."

ಹೇಳಿದ್ದು ನಿಜ. ಆ ಸಿಸ್ಟರುಗಳ ಸೋಪಿನ ವಾಸನೆ, ಸಂಜೆ ಕಾರಿಡಾರಿನಲ್ಲಿ ಅವರ ಜಪಮಾಲೆಯ ಕಿಣಿಕಿಣಿ, ಇವತ್ತಿಗೂ ನೆನಪಿದೆ. ಹದಿನಾರರಲ್ಲಿ ನನಗೂ ಆ ಆಸೆ ಬಂದಿತ್ತು. ನೆಗಡಿಯ ಹಾಗೆ ಬಂದು ಹೋಯಿತು. ಹೋಯಿತು ಎಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಬೆಂಗಳೂರು ಏರ್‌ಪೋರ್ಟ್

ಮೊದಲ ಅನಾಹುತ ಅಲ್ಲೇ ಆಯಿತು. ಇನ್ನಾಸಿಯ ಸೂಟ್‌ಕೇಸನ್ನು ಪಕ್ಕಕ್ಕೆ ಎಳೆದುಕೊಂಡರು. ಬಟ್ಟೆಗಳ ಅಡಿಯಲ್ಲಿ ಹಳೆಯ ಪಂಚೆಯ ಗಂಟು, ಗಂಟಿನಲ್ಲಿ ಉಂಡೆ ಕೊಬ್ಬರಿ. ಆರಿಸಿ ಆರಿಸಿ ತಂದದ್ದು, ಒಂದರಲ್ಲೂ ಮಚ್ಚೆಯಿಲ್ಲ.

"ಸರ್, ಕೊಬ್ಬರಿ ಅಲೋ ಮಾಡಲ್ಲ," ಅಂದಳು ಯೂನಿಫಾರ್ಮಿನ ಹುಡುಗಿ.

"ಬಾಂಬಲ್ಲ ಕಣಮ್ಮ, ಕೊಬ್ಬರಿ."

"ಎಣ್ಣೆ ಅಂಶ ಇರುತ್ತೆ ಸರ್. ಬೆಂಕಿ ಹತ್ಕೊಳ್ಳುತ್ತೆ. ರೂಲ್ಸು."

"ಮದುವೆ ಆದಾಗಿಂದ ಗೋಡೌನಲ್ಲಿ ಇದ್ರ ಮೂಟೆ ಮೇಲೇ ಮಧ್ಯಾಹ್ನ ಮಲಗ್ತೀನಿ. ನನಗೆ ಯಾವತ್ತೂ ಬೆಂಕಿ ಹತ್ತಿಲ್ವಲ್ಲ!"

ಹಿಂದಿದ್ದವರು ನಕ್ಕರು. ಅವನು ನಗಲಿಲ್ಲ. ಕೊಬ್ಬರಿ ಊರಿನವರಾಗಿ ನಮಗಿಬ್ಬರಿಗೂ ಈ ರೂಲ್ ಗೊತ್ತಿರಲಿಲ್ಲ ನೋಡಿ, ಸೋ ಶೇಮ್‌ಫುಲ್. ಗಂಟನ್ನು ಅಲ್ಲೇ ಬಿಡಬೇಕಾಯಿತು. ಬಹಳ ಹೊತ್ತಾದ ಮೇಲೆ, ವಿಮಾನ ಮೇಲೇರಿ ಎಲ್ಲರೂ ಬೆಲ್ಟ್ ಬಿಚ್ಚಿದ ಮೇಲೆ, ಅವನು ಎದುರಿನ ಸೀಟು ನೋಡಿಕೊಂಡು ಹೇಳಿದ:

"ಬೀಗರ ಮನೆಗೆ ಬರೀ ಕೈಲಿ ಹೋಗೋ ಹಂಗಾಯ್ತು."

ಬೀಗರು ಅನ್ನುವ ಮಾತು ಅವನ ಬಾಯಲ್ಲಿ ಬೈಗುಳದ ಹಾಗೆ ಬಂತು. ಆಮೇಲೆ ತನ್ನ ಯೋಜನೆ ಬಿಚ್ಚಿದ.

"ಮದುವೆಗೆ ಮುಂಚೆ ಪಾದ್ರಿಗಳು ಚರ್ಚಲ್ಲಿ ಓದ್ತಾರಲ್ಲಕ್ಕ, ಈ ಮದುವೆಗೆ ಯಾರ್ದಾದ್ರೂ ತಕರಾರು ಇದ್ರೆ ಹೇಳಿ ಅಂತ. ಅಲ್ಲೂ ಕೇಳ್ತಾರೆ. ಕೇಳಿದ ತಕ್ಷಣ ಎದ್ದು ನಿಂತ್ಕತೀನಿ."

"ಈ ಪೂಜೇಲಿ ಹಾಗೆಲ್ಲ ಕೇಳಲ್ಲ ಕಣೋ."

"ಕೇಳ್ದಿದ್ರೂ ನಿಂತ್ಕತೀನಿ."

ನನ್ನ ತಮ್ಮ ಹೇಳಿದ್ದನ್ನು ಮಾಡುವವನು. ಬಿಷಪ್ಪರ ಮುಂದೆ, ಅಷ್ಟು ಜನ ಬಿಳಿಯರ ಮುಂದೆ, ಮಂಕಿ ಕ್ಯಾಪು ಹಾಕಿದ ಇವನು ಎದ್ದು ನಿಂತು ಕೂಗುವುದನ್ನು ನೆನೆಸಿಕೊಂಡೇ ನನ್ನ ನಿದ್ದೆ ಹೋಯಿತು. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು, ಮಠದ ಜಾಲಿ ಕಂಬಿಯ ಆಚೆ ನಿಂತು ಅದನ್ನು ಕೇಳಬೇಕಾದ ಹುಡುಗಿ.

ಬೆಟ್ಟದ ಊರು

ಕನ್ಯಾಮಠ ಇದ್ದದ್ದು ಬೆಟ್ಟದ ನೆತ್ತಿಯ ಪುಟ್ಟ ಊರಿನಲ್ಲಿ. ಬಸ್ಸು ಬುಡದಲ್ಲೇ ಇಳಿಸಿ ಹೋಯಿತು. ಮಾಲೇಕಲ್ಲು ಬೆಟ್ಟ ಹತ್ತುವ ಮುದುಕಿಯರ ಹಾಗೆ ನಾನು ಪ್ರತಿ ತಿರುವಿನಲ್ಲೂ ಸೊಂಟಕ್ಕೆ ಕೈಯಿಟ್ಟು ನಿಂತೆ. ಪಂಚೆ, ಅದರ ಮೇಲೆ ಕೋಟು, ತಲೆಗೆ ಮಂಕಿ ಕ್ಯಾಪು ಹಾಕಿದ ಇನ್ನಾಸಿಯನ್ನು ಕಂಡು ಟೂರಿಸ್ಟ್ ದಂಪತಿಗಳು ಫೋಟೋ ಕೇಳಿದರು. ಬೇಲೂರಿನಲ್ಲಿ ನಾವು ಹುಡುಗರಾಗಿದ್ದಾಗ ಫಾರಿನರ್ಸ್ ಹಿಂದೆ ಬಾಯಿಬಿಟ್ಟುಕೊಂಡು ಓಡಾಡಿದ್ದಕ್ಕೆ ದೇವರು ಲೆಕ್ಕ ಚುಕ್ತಾ ಮಾಡಿದ ಅಂದುಕೊಂಡೆ.

ಊರಿನವರ ರೀತಿಯೇ ಬೇರೆ. ಮಧ್ಯಾಹ್ನವಾದರೆ ಇಡೀ ಬೀದಿ ಬಾಗಿಲು ಹಾಕಿಕೊಂಡು ಸತ್ತ ಹಾಗೆ ಮಲಗುತ್ತದೆ. ಕಾಫಿಯನ್ನು ನಿಂತುಕೊಂಡೇ, ಕಷಾಯ ಕುಡಿದ ಹಾಗೆ ಒಂದು ಗುಟುಕಿಗೆ ಕುಡಿದು ನಡೆದುಬಿಡುತ್ತಾರೆ. ಯಾರ ಅಂಗಡಿಗೆ ಹೊಕ್ಕರೂ ಮೊದಲು ಒಳಗಿದ್ದವರಿಗೆಲ್ಲ ಗುಡ್ ಮಾರ್ನಿಂಗ್ ಹೇಳಬೇಕು, ಇಲ್ಲವಾದರೆ ಮುಖ ಸಿಂಡರಿಸುತ್ತಾರೆ. ಇನ್ನಾಸಿ ಯಾರಿಗೂ ಹೇಳಲಿಲ್ಲ.

ಮಠದ ಗೋಡೆ ಕಂಡಾಗ ನಾನೇ ನಿಂತುಬಿಟ್ಟೆ. ಹಳೇಬೀಡು ನೋಡಿ ಬೆಳೆದ ಕಣ್ಣಿಗೆ ಕಲ್ಲಿನ ಗೋಡೆ ಅಂದರೆ ಅಂಗುಲ ಬಿಡದೆ ಆನೆ, ಕುದುರೆ, ಬಳ್ಳಿ. ಇಲ್ಲಿ ಬೋಳು ಕಲ್ಲು. ಎತ್ತರ. ಒಂದು ಕಿಟಕಿಯೂ ಬೀದಿಗೆ ತೆರೆದಿಲ್ಲ.

"ಜೈಲು," ಅಂದ ಇನ್ನಾಸಿ.

ನಮಗೆ ಗೋಡೆಗೆ ಹೊಂದಿಕೊಂಡ ಅತಿಥಿ ಕೋಣೆಗಳನ್ನು ಕೊಟ್ಟಿದ್ದರು. ಊಟ ಬರುವುದು ಗೋಡೆಯಲ್ಲಿ ಕೂರಿಸಿದ ಒಂದು ತಿರುಗುವ ಮರದ ಪೀಪಾಯಿಯಲ್ಲಿ. ಒಳಗಿನವರು ಇಟ್ಟು ತಿರುಗಿಸುತ್ತಾರೆ, ನಮ್ಮ ಕಡೆ ಬರುತ್ತದೆ, ಇಟ್ಟವರ ಕೈ ಕೂಡ ಕಾಣುವುದಿಲ್ಲ. ಬಿಸಿ ಸೂಪು, ಬ್ರೆಡ್ಡು. ಇನ್ನಾಸಿ ಮುಟ್ಟಲಿಲ್ಲ.

"ಮಾತುಕತೆ ಮುಗಿಯೋತಂಕ ಇವರ ಮನೆ ನೀರೂ ಬ್ಯಾಡ."

ಸಂಬಂಧ ಕುದುರುವ ತನಕ ಆ ಮನೆಯಲ್ಲಿ ಊಟ ಮಾಡದಿರುವುದು ನಮ್ಮ ಕಡೆಯ ಪದ್ಧತಿ, ಸರಿ. ಆದರೆ ಅದು ಇಲ್ಲಿಗೂ ಅನ್ವಯಿಸುತ್ತದೆ ಅಂತ ನನಗೆ ಹೊಳೆದಿರಲಿಲ್ಲ. ಅವನು ಸಲೇತಮ್ಮ ಕಟ್ಟಿಕೊಟ್ಟ ಒಣ ರೊಟ್ಟಿಯನ್ನು ಚಟ್ನಿಪುಡಿಯಲ್ಲಿ ತಿಂದು, ಹೊರಗಿನ ನಲ್ಲಿಯ ನೀರು ಕುಡಿದು ಬಂದ. ನಾನು ಸೂಪು ಕುಡಿದೆ. ಎರಡು ಬಟ್ಟಲು. ಐ ವಾಸ್ ಹಂಗ್ರಿ, ವಾಟ್ ಟು ಡೂ.

ಪಾರ್ಲರ್

ಭೇಟಿಯ ಕೋಣೆಗೆ ಪಾರ್ಲರ್ ಅನ್ನುತ್ತಾರೆ. ನಡುವೆ ಗೋಡೆಯಿಂದ ಗೋಡೆಗೆ ಕಬ್ಬಿಣದ ಜಾಲಿ. ಈ ಕಡೆ ಎರಡು ಕುರ್ಚಿ, ಆ ಕಡೆ ಎರಡು ಕುರ್ಚಿ. ಆ ಕಡೆಯ ಬಾಗಿಲು ತೆರೆಯಿತು. ಮೊದಲು ಮಠದ ಮುಖ್ಯಸ್ಥೆ ಮದರ್ ಬಂದರು: ದಪ್ಪ ಮೈಯ, ಕೆಂಪು ಕೆನ್ನೆಯ ಮುದುಕಿ, ಕೈ ನೋಡಿದರೆ ಹೊಲ ಗದ್ದೆಯಲ್ಲಿ ದುಡಿದು ಬೆಳೆದವರು. ಹಿಂದೆ ರೀಟಾ. ಕಂದು ಬಟ್ಟೆ, ಬಿಳಿ ಮುಸುಕು. ಮುಸುಕಿನೊಳಗೆ ನಮ್ಮ ಅಮ್ಮನ ಮೂಗು.

"ಅಪ್ಪಾ, ತೆಳ್ಳಗಾಗಿದ್ದೀಯ."

ಇನ್ನಾಸಿ ಅವಳತ್ತ ನೋಡಲಿಲ್ಲ. ನನ್ನ ಕಡೆ ತಿರುಗಿದ. "ಅಕ್ಕ, ಇವ್ರಿಗೆ ಹೇಳು. ಹುಡುಗೀನ ಕರ್ಕಂಡು ಹೋಗಕ್ಕೆ ಬಂದಿದ್ದೀನಿ."

ಮದರ್ ಅವರದು ಒಡಕು ಇಂಗ್ಲಿಷು, ಆದರೆ ಅರ್ಥವಾಗುತ್ತಿತ್ತು. ನಾನು ಕಾನ್ವೆಂಟ್ ಧಾಟಿಯಲ್ಲಿ, ನನ್ನ ತಮ್ಮನಿಗೆ ನಿಮ್ಮನ್ನು ಕಂಡು ಬಹಳ ಸಂತೋಷವಾಗಿದೆ, ತಂದೆಯಾಗಿ ಸ್ವಲ್ಪ ಆತಂಕವೂ ಇದೆ ಅಂತ ನಯವಾಗಿ ಶುರುಮಾಡಿದೆ.

"ಅತ್ತೆ," ಅಂದಳು ರೀಟಾ. "ಅಪ್ಪ ಹೇಳಿದ್ದನ್ನೇ ಹೇಳಿ."

ಹೇಳಿದೆ. ಮದರ್ ಮುಖ ಬದಲಾಗಲಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು, ತಂದೆ ಮಗಳು ಮಾತಾಡಿಕೊಳ್ಳಲಿ ಎಂಬಂತೆ ಸುಮ್ಮನೆ ಕುಳಿತರು.

ಆಗ ಅವನು ಮಗಳನ್ನು ನೋಡಿದ. "ನಾಳೆ ನಾನು ಹೋಗ್ತೀನಿ, ನಿಮ್ಮವ್ವ ಹೋಗ್ತಾಳೆ. ನಮ್ಮ ಮಣ್ಣಿಗಾದ್ರೂ ಬತ್ತೀಯೇನೇ?"

"ಇಲ್ಲಪ್ಪ."

ಅಷ್ಟೇ. ಬರ್ತೀನಿ ಅಂತಲೂ ಇಲ್ಲ, ನೋಡೋಣ ಅಂತಲೂ ಇಲ್ಲ. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಆದರೆ ಮಾತು ನಡುಗಲಿಲ್ಲ. "ನಿನ್ನ ಹತ್ರ ಸುಳ್ಳು ಹೇಳಲ್ಲ. ಬರಕ್ಕಾಗಲ್ಲ. ಇಲ್ಲಿಂದಲೇ ಪ್ರಾರ್ಥನೆ ಮಾಡ್ತೀನಿ."

"ದೇವ್ರು ಕರೆದ, ಕರೆದ ಅಂತೀಯಲ್ಲ. ಯಾವಾಗ ಕರೆದ? ಏನಂತ ಕರೆದ? ಪಕ್ಕದ ಕೋಣೇಲೇ ಮಲಗ್ತಿದ್ನಲ್ಲ, ನಂಗೊಂದು ದಿನಾನೂ ಕೇಳಿಸ್ಲಿಲ್ವಲ್ಲ!"

ರೀಟಾ ಜಾಲಿಯ ಹತ್ತಿರಕ್ಕೆ ಬಗ್ಗಿದಳು. "ಅಪ್ಪಾ, ಅಟ್ಟದ ಮೇಲೆ ಕಾಯಿ ಒಣಗಕ್ಕೆ ಹಾಕ್ತೀಯಲ್ಲ. ವರ್ಷಗಟ್ಟಲೆ ಬಿದ್ದಿರುತ್ತೆ. ಒಳಗೆ ಕೊಬ್ಬರಿ ಚಿಪ್ಪು ಬಿಡೋದು ಯಾವ ದಿನ ಅಂತ ನಿನಗೆ ಗೊತ್ತಾಗುತ್ತಾ?"

"ಯಾರಿಗೆ ಗೊತ್ತಾಯ್ತದೆ? ಅಲ್ಲಾಡಿಸಿದ್ರೆ ಗೊತ್ತಾಗದು. ಒಳಗೆ ಗಡಗಡ ಅಂತದೆ."

"ಹಂಗೇ ನಂಗೂ. ಯಾವತ್ತು ಬಿಡ್ತು ಅಂತ ಕೇಳಿದ್ರೆ ಹೇಳಕ್ಕಾಗಲ್ಲ. ಆಸ್ಪತ್ರೇಲಿದ್ದಾಗ ಗೊತ್ತಾಯ್ತು. ಭಯ ಆಯ್ತು. ಬೇಡ ಅಂತ ಡಬಲ್ ಡ್ಯೂಟಿ ಹಾಕಿಸ್ಕೊಂಡೆ, ಸುತ್ತಾಡಿದೆ, ಬೇರೆ ಊರಿಗೆ ವರ್ಗ ಮಾಡಿಸ್ಕೊಂಡೆ. ಮತ್ತೆ ಅಂಟಲಿಲ್ಲ. ಇವರೂ ಸುಮ್ಮನೆ ನಂಬಲಿಲ್ಲ ಅಪ್ಪ. ಐದು ವರ್ಷ ಅಲ್ಲಾಡಿಸಿದ್ದಾರೆ."

ಕೊಬ್ಬರಿಯ ಮಾತಿನಲ್ಲೇ ಉತ್ತರ ಬಂದದ್ದು ಕೊಬ್ಬರಿ ವ್ಯಾಪಾರಿಯ ಸಿಟ್ಟನ್ನು ಹೆಚ್ಚಿಸಿತು. ಕುರ್ಚಿ ಹಿಂದಕ್ಕೆ ಸರಿಸಿ ಎದ್ದ. ಹೋಗೇಬಿಟ್ಟ ಅಂದುಕೊಂಡೆ. ಬಾಗಿಲವರೆಗೆ ಹೋದವನು ತಿರುಗಿ, ಮೊದಲ ಸಲ ನೇರವಾಗಿ ಮದರ್ ಕಡೆಗೆ ಬೆರಳು ಮಾಡಿದ.

"ಬೇಲೂರಿನವರು ಇದೇ ಹುಡುಗೀನ ಕೇಳಕ್ಕೆ ಬಂದಿದ್ರು. ಹಿರೀಕರನ್ನ ಕರ್ಕಂಡು, ಹಣ್ಣು ಹೂವು ತಗಂಡು, ಮತ್ತೆ ಮತ್ತೆ ಬಂದ್ರು. ನಾನು ಅವರ ಮನೆ ನೋಡಕ್ಕೆ ಹೋದೆ, ಅಟ್ಟ ಹತ್ತಿ ನೋಡಿದೆ, ಬಾವಿ ಬಗ್ಗಿ ನೋಡಿದೆ. ಇವರು? ಯಾರು ಬಂದ್ರು ನಮ್ಮನೇಗೆ? ಒಂದು ಮಾತು ಯಾರು ಕೇಳಿದ್ರು? ಕೇಳದೆ ಕೊಡದೆ ಹೋದ ಹುಡುಗೀಗೆ ನಮ್ಮೂರಲ್ಲಿ ಏನಂತಾರೆ ಅಂತ ಹೇಳಕ್ಕ ಈಯಮ್ಮಂಗೆ. ಓಡಿಹೋದೋಳು ಅಂತಾರೆ!"

ಇಷ್ಟು ದಿನ ಅವನೊಳಗೆ ಕುದಿಯುತ್ತಿದ್ದದ್ದು ಇದು. ದೇವರ ಮೇಲೆ ಜಗಳವಲ್ಲ. ನನ್ನ ಇಂಗ್ಲಿಷು ತೊದಲಿತು, ಆದರೆ ಈ ಸಲ ಒಂದು ಮಾತನ್ನೂ ನಯ ಮಾಡಲಿಲ್ಲ.

ಮದರ್ ನನ್ನ ಕಡೆ ತಿರುಗಿ ಕೇಳಿದರು: "ನಿಮ್ಮ ಕಡೆ ಕೇಳುವವರು ಕೂತು ಕೇಳುತ್ತಾರೋ, ನಿಂತೋ?"

ನಿಂತು ಅಂದುಬಿಟ್ಟೆ. ನಿಜವಾಗಿ ಕೂತೇ ಕೇಳುವುದು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಅದು.

ಮದರ್ ಜಾಲಿ ಹಿಡಿದುಕೊಂಡು ಎದ್ದರು. ಮಂಡಿ ನೋವು ಮುಖದಲ್ಲೇ ಕಾಣುತ್ತಿತ್ತು. ಇನ್ನಾಸಿಯ ಕಣ್ಣನ್ನೇ ನೋಡುತ್ತಾ ಹೇಳಿದರು: ನಾನು ಬೆಟ್ಟ ಇಳಿದು ನಿಮ್ಮ ಮನೆಗೆ ಬರಲಾರೆ. ಐದು ವರ್ಷದ ಹಿಂದೆಯೇ ನಿಮ್ಮ ಜೊತೆ ಮಾತಾಡಬೇಕಾಗಿತ್ತು, ಆಡಲಿಲ್ಲ. ಈಗ ಕೇಳುತ್ತೇನೆ. ನಿಮ್ಮ ಮಗಳನ್ನು ನಮ್ಮ ಮನೆಗೆ ಕೊಡುತ್ತೀರಾ?

ರೀಟಾ ಬಾಯಿಗೆ ಮುಸುಕಿನ ಅಂಚು ಒತ್ತಿಕೊಂಡಳು. ನಾನು ಅನುವಾದಿಸಿದೆ. ಇನ್ನಾಸಿ ನೆಲ ನೋಡಿದ.

"ಕೇಳಿದ ತಕ್ಷಣ ಹೂಂ ಅನ್ನಕ್ಕಾಗಲ್ಲ. ಮನೆ ನೋಡಿ ಹೇಳ್ತೀವಿ ಅಂತ ಹೇಳು."

ಒಳಗೆ ಹೊರಗಿನವರಿಗೆ ಪ್ರವೇಶವಿಲ್ಲ ಅಂದರು ಮದರ್. ಅದು ನನ್ನ ಕೈಯಲ್ಲೂ ಇಲ್ಲ ಅಂತಲೂ ಹೇಳಿದರು.

"ಸರಿ ಬಿಡು. ಹೊರಗಿಂದಲೇ ನೋಡ್ತೀನಿ."

ಗೋಡೆಯ ಸುತ್ತ

ವ್ರತಕ್ಕೆ ನಡುವೆ ಒಂದೇ ದಿನ ಇತ್ತು. ಬೆಳಿಗ್ಗೆ ಎದ್ದವನೇ ಗೋಡೆಯ ಸುತ್ತ ನಡೆಯತೊಡಗಿದ. ಹಿಂದೆ ನಾನು. ಚರಂಡಿ ಬಗ್ಗಿ ನೋಡಿದ: ನೀರು ನಿಂತಿಲ್ಲ. ಹೊಗೆಗೂಡು ನೋಡಿದ: ಒಂದರಲ್ಲಿ ಮಾತ್ರ ಹೊಗೆ. "ಇಷ್ಟು ದೊಡ್ಡ ಮನೆಗೆ ಒಂದೇ ಒಲೆ ಹಚ್ತಾರಾ ಈ ಚಳೀಲಿ?" ಗೋಡೆಯ ಮೇಲಿಂದ ಆಲಿವ್ ಮರದ ಒಂದು ಕೊಂಬೆ ಕೈಗೆಟಕುವಷ್ಟು ಕೆಳಗೆ ಬಾಗಿತ್ತು. ಒಂದು ಎಲೆ ಕಿತ್ತು ಮೂಸಿ ನೋಡಿದ, ಕಾಯಿ ಹಿಸುಕಿ ಬೆರಳ ನಡುವೆ ಎಣ್ಣೆ ಉಜ್ಜಿ ನೋಡಿದ. ಪಾಸು ಮಾಡಿದನೋ ಫೇಲು ಮಾಡಿದನೋ, ಮುಖದಲ್ಲಿ ಗೊತ್ತಾಗಲಿಲ್ಲ.

ಸಲೇತಮ್ಮನ ಫೋನು ಬಂತು. "ಹೊರಡ್ತಾ ಇದ್ದಾಳಾ?"

"ಇನ್ನೂ ವಿಚಾರಿಸ್ತಾ ಇದ್ದೀನಿ ಇರು," ಅಂದು ಕಟ್ ಮಾಡಿದ.

ಮನೆ ನೋಡಿದ ಮೇಲೆ ಅಕ್ಕಪಕ್ಕದವರನ್ನು ವಿಚಾರಿಸುವುದು. ಗೋಡೆಯ ಹಿಂಬದಿಗೆ ಅಂಟಿಕೊಂಡ ಮನೆಯ ಮುಂದೆ ಒಬ್ಬ ಮುದುಕಿ ಬಟಾಣಿ ಬಿಡಿಸುತ್ತಾ ಕೂತಿದ್ದಳು. ಯಾವ ಕಾಲದಲ್ಲೋ ಲಂಡನ್ನಿನಲ್ಲಿ ಅಡುಗೆ ಕೆಲಸಕ್ಕಿದ್ದಳಂತೆ, ಇಂಗ್ಲಿಷು ಚೆನ್ನಾಗಿಯೇ ಬರುತ್ತಿತ್ತು.

"ಕೇಳಕ್ಕ, ಈ ಮನೆಯವರು ಎಂಥ ಜನ? ಹೊಸದಾಗಿ ಬಂದ ಹೆಣ್ಣುಮಕ್ಕಳನ್ನ ಹೆಂಗೆ ನೋಡ್ಕತಾರೆ?"

ಮುದುಕಿಗೆ ಪ್ರಶ್ನೆ ಕಿಂಚಿತ್ತೂ ವಿಚಿತ್ರ ಅನ್ನಿಸಲಿಲ್ಲ. ಎಷ್ಟೋ ಕಾಲದಿಂದ ಯಾರಾದರೂ ಇದನ್ನು ಕೇಳಲಿ ಅಂತ ಕಾಯುತ್ತಿದ್ದವಳ ಹಾಗೆ ಬಟಾಣಿ ಬದಿಗಿಟ್ಟಳು. ಚಳಿಗಾಲದಲ್ಲಿ ಕೆಮ್ಮುತ್ತಾರೆ, ಸೌದೆ ಉಳಿಸುವ ಜಿಪುಣತನ ಅಂದಳು. ಡಾಕ್ಟರ್ ಕರೆಸುವುದು ತಡ, ಆದರೆ ಕರೆಸುತ್ತಾರೆ. ಅಡುಗೆಯ ಸಿಸ್ಟರ್ ಒಬ್ಬಳು ಪಾತ್ರೆ ಎಸೆಯುತ್ತಾಳೆ, ಶಬ್ದ ಕೇಳುತ್ತದೆ. ಹಾಡು ಚೆನ್ನಾಗಿ ಹಾಡುತ್ತಾರೆ. ಅಷ್ಟು ಹೇಳಿ ನಮ್ಮಿಬ್ಬರ ಮುಖದ ಬಣ್ಣ ನೋಡಿದಳು. ನಿಮ್ಮ ಹುಡುಗಿಯೇ ಏನು, ಆ ನಗುವವಳು?

"ಯಾವ ನಗು?"

ಇರಿ, ಅವರ ಊಟವಾಗಲಿ, ಆಮೇಲೆ ತೋಟಕ್ಕೆ ಬರುತ್ತಾರೆ, ಅಂದಳು.

ಕಾದೆವು. ಕಲ್ಲಿನ ಮೇಲೆ ಕೂತು ನನ್ನ ಬೆನ್ನು ಮರಗಟ್ಟಿತು. ಒಳಗೆ ಗಂಟೆ ಬಾರಿಸಿತು. ಬಾಗಿಲು ತೆರೆದ ಸದ್ದು, ಹೆಂಗಸರ ಮಾತಿನ ಗುಜುಗುಜು. ಯಾರೋ ಏನೋ ಅಂದರು. ಆಮೇಲೆ ಗೋಡೆಯ ಮೇಲಿಂದ ಆ ನಗು ಬಂತು. ಮೊದಲು ಉಸಿರು ಸಿಕ್ಕಿಕೊಂಡ ಹಾಗೆ, ಆಮೇಲೆ ತಡೆಯಲಾರದೆ ಒಡೆದು, ಕೊನೆಗೆ ಒಂದು ಕೀಚಲು. ರೀಟಾ ಚಿಕ್ಕವಳಿದ್ದಾಗ ಈ ನಗುವಿಗೇ ಸಲೇತಮ್ಮ ಬೈಯುತ್ತಿದ್ದದ್ದು, ಬಸ್ ಸ್ಟ್ಯಾಂಡಿಗೆ ಕೇಳ್ತದೆ ಮೆಲ್ಲಗೆ ನಗೇ ಅಂತ. ಬೇಲೂರಿನ ಸಂಬಂಧದ ಮಾತು ಶುರುವಾದ ವರ್ಷದಿಂದ 'ಮೆಲ್ಲಗೆ' ಅನ್ನುವ ಅಗತ್ಯವೇ ಬಿದ್ದಿರಲಿಲ್ಲ. ಅದು ನನಗೆ ನೆನಪಾದದ್ದು ಅಲ್ಲಿ, ಆ ಗೋಡೆಯ ಬುಡದಲ್ಲಿ.

ಇನ್ನಾಸಿ ಗೋಡೆಗೆ ಅಂಗೈ ಒತ್ತಿ ನಿಂತಿದ್ದ. ನಗು ಮುಗಿದ ಮೇಲೂ ಹಾಗೇ ನಿಂತಿದ್ದ.

"ಏನೋ?" ಅಂದೆ.

"ಏನಿಲ್ಲ." ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಸಂಜೆಯ ಊಟ ಪೀಪಾಯಿಯಲ್ಲಿ ಬಂದದ್ದು ಹಾಗೇ ತಿರುಗಿ ಒಳಗೆ ಹೋಯಿತು.

ಚರ್ಚು

ಬೆಳಿಗ್ಗೆ ನೋಡಿದರೆ ಅವನ ಸೂಟ್‌ಕೇಸು ಬಾಗಿಲ ಬಳಿ ರೆಡಿ. ಕೋಟಿನ ಒಳಜೇಬಿನಲ್ಲಿ ಟಿಕೆಟ್ಟುಗಳ ಕಟ್ಟು ಉಬ್ಬಿತ್ತು. "ಇನ್ನಾಸಿ, ಮೈ ಡಿಯರ್, ಪ್ಲೀಸ್, ಚರ್ಚಲ್ಲಿ ಏನೂ ಮಾಡಬೇಡ," ಅಂತ ತೋಳು ಹಿಡಿದೆ. ಉತ್ತರ ಕೊಡದೆ ಮುಂದೆ ನಡೆದು ಮೊದಲನೆಯ ಬೆಂಚಿನಲ್ಲೇ ಕೂತ. ಹಿಂದೆ ಎಲ್ಲಾದರೂ ಕೂರೋಣ ಅಂದರೆ ಕೇಳಲಿಲ್ಲ.

ಪುಟ್ಟ ಚರ್ಚು, ಊರೆಲ್ಲ ಬಂದಿತ್ತು. ಬಟಾಣಿ ಮುದುಕಿ ರೇಷ್ಮೆ ಸ್ಕಾರ್ಫ್ ಕಟ್ಟಿಕೊಂಡು ಬಂದಿದ್ದಳು. ಬಲಿಪೀಠದ ಪಕ್ಕದ ದೊಡ್ಡ ಜಾಲಿಯ ಬಾಗಿಲು ಅಂದು ಮಾತ್ರ ತೆರೆದಿತ್ತು. ಆಚೆ ಸಿಸ್ಟರುಗಳ ಸಾಲು. ಬಿಷಪ್ಪರು ಮುದುಕರು, ಓದುವಾಗ ಕಾಗದ ನಡುಗುತ್ತಿತ್ತು.

ಹೆಸರು ಕರೆದರು. ರೀಟಾ ಮುಂದೆ ಬಂದು ಅವರ ಭಾಷೆಯಲ್ಲಿ, ಇಗೋ ಬಂದೆ ಅಂದಳು. ಇಷ್ಟು ಚಿಕ್ಕ ಮಾತು. ನನ್ನ ಬಾಯಿ ತಾನಾಗಿ ಅದನ್ನೇ ಉಚ್ಚರಿಸಿತು, ಶಬ್ದವಿಲ್ಲದೆ. ಏನು ಬೇಡುತ್ತೀಯೆ ಮಗಳೇ, ಅಂತ ಬಿಷಪ್ಪರು ಕೇಳಿದರು. ಅವಳು ಉತ್ತರ ಕೊಟ್ಟಳು. ಅವರು ಹಾಳೆ ತಿರುವಲು ತಡಕಾಡುತ್ತಾ ಒಂದು ಕ್ಷಣ ನಿಲ್ಲಿಸಿದರು.

ಆ ಕ್ಷಣಕ್ಕೆ ಇನ್ನಾಸಿ ಎದ್ದು ನಿಂತ.

ಕೋಟಿನ ಅಂಚು ಹಿಡಿದು ಜಗ್ಗಿದೆ. ಅವನು ಮಂಕಿ ಕ್ಯಾಪು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಬಿಷಪ್ಪರು ತಲೆ ಎತ್ತಿದರು. ಬೆಂಚುಗಳೆಲ್ಲ ಕಿರುಗುಟ್ಟಿದವು. ರೀಟಾಳ ಮುಖ ಬಿಳುಚಿಹೋಯಿತು, ಆದರೆ ಅವಳು ಕಣ್ಣು ಕೆಳಗಿಳಿಸಲಿಲ್ಲ, ಅಪ್ಪನನ್ನೇ ನೋಡುತ್ತಿದ್ದಳು.

ಇನ್ನಾಸಿ ಮಾತಾಡಿದ್ದು ಬಿಷಪ್ಪರಿಗಲ್ಲ, ಜಾಲಿಯ ಆಚೆ ನಿಂತಿದ್ದ ಮದರ್‌ಗೆ.

"ನೋಡಮ್ಮ. ಒಬ್ಬಳೇ ಬೆಳೆದ ಹುಡುಗಿ. ಎದುರುಮಾತು ಆಡ್ತಾಳೆ, ಮನಸಲ್ಲಿ ಏನೂ ಇಟ್ಕಳಲ್ಲ. ಅಡುಗೆ ಅಷ್ಟಕ್ಕಷ್ಟೇ. ಚಳಿ ತಡೆಯಲ್ಲ, ಕೆಮ್ಮು ಹಿಡಿದ್ರೆ ಬೇಗ ಬಿಡಲ್ಲ, ಅದಕ್ಕೆ ಸೌದೆ ಒಂಚೂರು ಜಾಸ್ತಿ ಹಾಕಿ. ತಪ್ಪು ಮಾಡಿದ್ರೆ ಕೂರಿಸ್ಕಂಡು ಹೇಳಿ, ಎಲ್ಲರೆದುರಿಗೆ ಬೈಬ್ಯಾಡಿ. ನೀವು ಕೇಳಿದ್ರಿ. ಮನೆ ನೋಡಿದ್ದಾಯ್ತು, ವಿಚಾರಿಸಿದ್ದಾಯ್ತು. ಕೊಟ್ಟಿದ್ದೀವಿ."

ನಮ್ಮ ಕಡೆ ಮದುವೆಯಾದ ಮಗಳನ್ನು ಒಪ್ಪಿಸಿಕೊಡುವಾಗ ತಂದೆ ಅತ್ತೆಮನೆಯವರ ಮುಂದೆ ಆಡುವ ಮಾತುಗಳು ಇವು. ಸೌದೆಯದ್ದು ಮಾತ್ರ ಅವನ ಸ್ವಂತದ್ದು.

ಬಿಷಪ್ಪರು ಕಾಗದ ಹಿಡಿದುಕೊಂಡೇ ನನ್ನ ಕಡೆ ನೋಡಿದರು. ಇಡೀ ಚರ್ಚು ನನ್ನ ಕಡೆ ನೋಡಿತು. ಇಂಗ್ಲಿಷ್ ಕಲಿಸಿ ಕಲಿಸಿ ತಲೆ ನೆರೆತವಳು ನಾನು. ಒಂದು ಸೆಂಟೆನ್ಸ್ ಕೂಡಿ ಬರಲಿಲ್ಲ.

"ಹೀ ಸೇಸ್ ಯೆಸ್, ಮೈ ಲಾರ್ಡ್," ಅಂದೆ. "ಹೀ ಸೇಸ್ ಯೆಸ್."

ಮದರ್ ಅಲ್ಲಿಂದಲೇ ಅವನಿಗೆ ತಲೆ ಬಾಗಿಸಿದರು, ಆಳವಾಗಿ.

ಲೋಕದ ಪಾಲಿಗೆ ಸತ್ತಂತೆ ಎಂಬ ಗುರುತಿಗೆ ರೀಟಾ ನೆಲದ ಮೇಲೆ ಬೋರಲು ಮಲಗಿದಳು. ಅವಳ ಮೇಲೆ ಒಂದು ಬಟ್ಟೆ ಹೊದಿಸಿದರು. ಎಲ್ಲರೂ ಮಂಡಿಯೂರಿದರು, ಸಂತರ ಪ್ರಾರ್ಥನೆಮಾಲೆ ಶುರುವಾಯಿತು. ಇನ್ನಾಸಿ ನಿಂತೇ ಇದ್ದ. ಮಂಡಿಯೂರೋ ಅಂದೆ. ಹೆಣ್ಣು ಒಪ್ಪಿಸೋವಾಗ ನಿಂತಿರಬೇಕು ಕಣಕ್ಕ ಅಂದ. ಒಬ್ಬೊಬ್ಬ ಸಂತರ ಹೆಸರು ಹಾಡಿದಾಗಲೂ ಊರಿನವರು ತಮ್ಮ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದರು. ಅದರ ಮಧ್ಯೆ ಅವನು, ಹಳೇಬೀಡಿನ ಚರ್ಚಿನಲ್ಲಿ ಕೊಡುವ ಹಾಗೆಯೇ, ಗಟ್ಟಿಯಾಗಿ ಅಂದ: "ನಮಗಾಗಿ ಪ್ರಾರ್ಥಿಸಿರಿ."

ಮುಂದಿನ ಹೆಸರಿಗೆ ನಾನೂ ಸೇರಿಸಿದೆ. ಅದರ ಮುಂದಿನದಕ್ಕೆ, ನೆಲದ ಮೇಲಿನ ಆ ಬಟ್ಟೆಯ ಒಳಗಿಂದ, ಇನ್ನೊಂದು ಕನ್ನಡ ದನಿ ಕೇಳಿಸಿತು.